ಕೈ ಎತ್ತದ ಸೋಮವಾರ

ತಿರಕಪ್ಪ ಹೂಗಾರ ಸತ್ತ ದಿನ ಇಡೀ ಶಿರಗುಂಡಿ ಜಿಲ್ಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿದ್ದವನು ಅವನೇ. ಹಾಗೆಂದು ಪರದೆ ಹೇಳುತ್ತಿತ್ತು.

ಆ ಪರದೆಯ ಮುಂದೆ ಕೂತಿದ್ದವಳು ಜುಲೇಖಾ ನದಾಫ. ನಲವತ್ತನಾಲ್ಕು ವರ್ಷ, ಜಿಲ್ಲೆಯ ‘ಊರುಗೋಲು’ ಕೇಂದ್ರದಲ್ಲಿ ಸಂಯೋಜಕಿ. ವಯಸ್ಸಾದವರು, ಅಂಗವಿಕಲರು, ಹಾಸಿಗೆ ಹಿಡಿದವರು, ಇವರಲ್ಲಿ ಯಾರ ಮನೆಗೆ ವಾರಕ್ಕೆ ಎಷ್ಟು ತಾಸು ಆರೈಕೆದಾರರು ಹೋಗಬೇಕು, ನರ್ಸ್ ಯಾವತ್ತು ಹೋಗಬೇಕು, ಗಾಲಿಕುರ್ಚಿ ಯಾರಿಗೆ ಮೊದಲು ಎಂಬುದನ್ನೆಲ್ಲ ಒಂದೇ ಜಾಗದಿಂದ ಹೊಂದಿಸುವುದು ಅವಳ ಕೆಲಸ. ಹಿಂದೆ ಇದಕ್ಕೆಲ್ಲ ಜನ ಹತ್ತು ಕಚೇರಿ ತಿರುಗುತ್ತಿದ್ದರು. ನಡೆಯಲಾಗದವನು ನಡೆಯಲಾಗುವುದಿಲ್ಲ ಎಂಬ ಪ್ರಮಾಣಪತ್ರಕ್ಕಾಗಿ ಮೂರನೇ ಮಹಡಿ ಹತ್ತಬೇಕಿತ್ತು. ಊರುಗೋಲು ಬಂದ ಮೇಲೆ ಒಂದೇ ಬಾಗಿಲು, ಒಂದೇ ಫೋನ್ ನಂಬರು. ಜುಲೇಖಾ ಈ ಕೆಲಸವನ್ನು ಮನಸಾರೆ ನಂಬಿದ್ದಳು.

ಯೋಜನೆಗೆ ಸೇರಿದವರ ಕೈಗೊಂದು ಬೂದು ಬಣ್ಣದ ಪಟ್ಟಿ. ಜನ ಅದನ್ನು ಕಡಗ ಎನ್ನುತ್ತಿದ್ದರು. ನಾಡಿ, ಸ್ನಾಯುಗಳ ಬಿಗಿತ, ಕೈಕಾಲಿನ ಓಡಾಟ ಎಲ್ಲವನ್ನೂ ಅದು ಅಳೆದು ಕೇಂದ್ರದ ಗಣಕಕ್ಕೆ ಕಳಿಸುತ್ತಿತ್ತು. ಅಲ್ಲಿ ಕಡತದ ಭಾಷೆಯಲ್ಲಿ ‘ಅವಲಂಬನೆ ಸೂಚ್ಯಂಕ’ ಎಂಬ ಲೆಕ್ಕಾಚಾರವಿತ್ತು. ಸಿಬ್ಬಂದಿ ಅದಕ್ಕೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಓಡಾಟ ಹೆಚ್ಚಿದರೆ ಪರದೆಯ ಮೇಲೆ ಹೆಸರು ಹಸಿರಾಗುತ್ತಿತ್ತು, ಆರೈಕೆಯ ತಾಸು ಇಳಿಯುತ್ತಿತ್ತು. ಓಡಾಟ ತೀರಾ ನಿಂತರೆ ಕೆಂಪು. ಕೆಂಪಾದವರ ಮನೆಗೆ ನಾಲ್ಕು ತಾಸಿನೊಳಗೆ ಯಾರಾದರೂ ಹೋಗಲೇಬೇಕು.

ಆ ಬೆಳಿಗ್ಗೆ ಹೂಗಾರ ಓಣಿಯಿಂದ ಫೋನ್ ಬಂದಿತ್ತು. ತಿರಕಪ್ಪನ ಬಾಗಿಲು ತೆರೆಯದ್ದನ್ನು ಕಂಡು ಓಣಿಯವರು ಚಿಲಕ ಮುರಿದಿದ್ದರು. ಎಪ್ಪತ್ತನಾಲ್ಕರ ಒಂಟಿ ಮುದುಕ; ಸಕ್ಕರೆ ಕಾಯಿಲೆಗೆ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಹೊಸ್ತಿಲಿಗೆ ಒಂದು ಮೊಳ ಈಚೆಗೆ ಬೋರಲು ಬಿದ್ದಿದ್ದ. ಮಂಚದಿಂದ ಅಲ್ಲಿಯವರೆಗೂ ತೆವಳಿದ ಗುರುತಿತ್ತು.

ಜುಲೇಖಾ ಅವನ ಹೆಸರು ಒತ್ತಿದಳು. ಹಿಂದಿನ ದಿನ ಬೆಳಿಗ್ಗೆ ಏಳೂ ಹತ್ತಕ್ಕೆ ಅವನು ಬಿದ್ದದ್ದು ಕಡಗಕ್ಕೆ ಗೊತ್ತಾಗಿತ್ತು. ಆದರೆ ಒಂದು ನಿಮಿಷದೊಳಗೆ ಮತ್ತೆ ಕೈ ಆಡಿದ್ದರಿಂದ ‘ಎದ್ದಿದ್ದಾರೆ’ ಎಂದು ಬರೆದುಕೊಂಡು ಎಚ್ಚರಿಕೆಯನ್ನು ತಾನೇ ಮುಚ್ಚಿತ್ತು. ಆಮೇಲೆ ಒಂಬತ್ತು ತಾಸು ಅವನ ತೋಳುಗಳು ಬಿಡುವಿಲ್ಲದೆ ದುಡಿದಿದ್ದವು. ಪರದೆಯಲ್ಲಿ ಓಡಾಟದ ಗೆರೆ ಏರುತ್ತಲೇ ಹೋಗಿತ್ತು. ಸಂಜೆ ನಾಡಿ ನಿಂತಾಗ ‘ಕಡಗ ಕಳಚಿಟ್ಟಿದ್ದಾರೆ’ ಎಂದು ದಾಖಲಾಗಿತ್ತು. ಬೆಳಿಗ್ಗೆ ಆರಕ್ಕೆ ತಕ್ಕಡಿ ಅವನ ಫೋನಿಗೆ ಸಂದೇಶ ಕಳಿಸಿತ್ತು: ‘ಅಭಿನಂದನೆಗಳು. ನಿಮ್ಮ ಚಲನಶಕ್ತಿ ಶೇಕಡಾ ಮೂವತ್ತೆಂಟು ಹೆಚ್ಚಿದೆ. ಮುಂದಿನ ತಿಂಗಳಿನಿಂದ ನಿಮ್ಮ ಆರೈಕೆ ವಾರಕ್ಕೆ ಐದು ತಾಸಿನ ಬದಲು ಎರಡು ತಾಸು.’

ಅವಳು ಎರಡು ಸಲ ಓದಿದಳು. ಪಕ್ಕದ ಮೇಜಿನವನು ಚಹಾ ಬೇಕೇ ಎಂದು ಕೇಳಿದ. ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಪಟ್ಟಿಯಲ್ಲಿ ಮುಂದಿನ ಹಸಿರು ಹೆಸರು ಮೇಲೆ ಬಂತು: ದಾಕ್ಷಾಯಣಿ ಪತ್ತಾರ, ಅರವತ್ತೊಂದು ವರ್ಷ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹಾಸಿಗೆ ಹಿಡಿದ ಗಂಡನದೂ ಸೇರಿ ಮನೆಗೆ ವಾರಕ್ಕೆ ಹದಿನಾಲ್ಕು ತಾಸು ಇದ್ದದ್ದು ಎಂಟಕ್ಕೆ ಇಳಿದಿದೆ. ಈಗ ಎಂಟರಿಂದ ನಾಲ್ಕಕ್ಕೆ.

ಇಂಥ ಇಳಿಕೆ ಜಾರಿಯಾಗಲು ಸಂಯೋಜಕಿ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಜುಲೇಖಾ ಒತ್ತಲಿಲ್ಲ. ಚೀಲ ತೆಗೆದುಕೊಂಡು ಹೊರಗೆ ಬಂದಳು.

ಪತ್ತಾರ ಓಣಿಯ ಕೊನೆಯ ಮನೆ, ಮುಂದೊಂದು ಕಲ್ಲಿನ ಕಟ್ಟೆ. ಬಾಗಿಲು ತೆರೆದೇ ಇತ್ತು. ಒಳಗಿನ ದೃಶ್ಯ ನೋಡಿ ಜುಲೇಖಾ ಹೊಸ್ತಿಲಲ್ಲೇ ನಿಂತಳು. ದಾಕ್ಷಾಯಣಿ ಗಾಲಿಕುರ್ಚಿಯನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ, ಸೀರೆಯ ತುಂಡಿನಿಂದ ತನ್ನನ್ನು ಕುರ್ಚಿಗೆ ಬಿಗಿದುಕೊಂಡು, ಮಂಚದ ಮೇಲಿದ್ದ ಗಂಡನ ಭುಜ ಮತ್ತು ಸೊಂಟಕ್ಕೆ ಕೈ ಹಾಕಿ ಅವನನ್ನು ಮಗ್ಗುಲಾಗಿಸುತ್ತಿದ್ದಳು. ಗಂಡ ಮಾನಪ್ಪ ಒಂದು ಕಾಲಕ್ಕೆ ಹೆಸರುವಾಸಿ ಅಕ್ಕಸಾಲಿಗ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತು ಕಳಚಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈಗೆ ಹುಣ್ಣಾಗುತ್ತದೆ.

ಅವಳು ಒಂದು, ಎರಡು, ಮೂರನೇ ಸಲ ಎಳೆದಾಗ ಅವನು ಮಗ್ಗುಲಾದ. ದಾಕ್ಷಾಯಣಿ ಹಿಂದಕ್ಕೊರಗಿ ಉಸಿರು ಬಿಟ್ಟಳು. ಆಮೇಲೆ ಬಾಗಿಲಿನತ್ತ ನೋಡಿದಳು. “ಊರುಗೋಲಿನಿಂದ ಬಂದೀನ್ರಿ” ಎಂದಳು ಜುಲೇಖಾ.

“ಬಾ ತಂಗಿ. ಫೋನಿನ್ಯಾಗಿನ ದನಿ ನಿಂದ ಅಲ್ಲ? ನಿಂತ್ಕೊಂಡು ಏನ್ ನೋಡ್ತಿ?”

“ಅಕ್ಕಾರ, ಇದನ್ನ ದಿನಾ ನೀವ ಮಾಡ್ತೀರಿ?”

“ಮತ್ತ ಯಾರ್ ಮಾಡ್ತಾರ? ಮೊದಲ ದಿನಕ್ಕ ಎರಡು ಸಲ ಬರ್ತಿದ್ರು. ಆಮ್ಯಾಲ ಒಂದು ಸಲ. ಉಳಿದದ್ದು ನಾನ. ರಟ್ಟಿ ಹರಿದು ಬರ್ತಾವು.”

ಜುಲೇಖಾ ತನ್ನ ಕೈಗಣಕದ ಫಲಕ ತೆರೆದು ದಾಕ್ಷಾಯಣಿಯ ಗೆರೆ ತೋರಿಸಿದಳು. ಬೆಳಿಗ್ಗೆ ಎಂಟು, ಹತ್ತು, ಹನ್ನೆರಡು: ಎರಡು ತಾಸಿಗೊಂದು ಎತ್ತರದ ಶಿಖರ.

“ಇದೇನು ಗುಡ್ಡ ಬಿಡಿಸಿದಂಗ ಐತಿ?”

“ನೀವು ಯಜಮಾನ್ರನ್ನ ಹೊರಳಿಸಿದ್ದು. ಭುಜದಾಗ ಭಾಳ ಶಕ್ತಿ ಬಂದೈತಿ ಅಂತ ತಕ್ಕಡಿ ತಿಳ್ಕೊಂಡೈತ್ರಿ. ಅದಕ್ಕ ನಿಮ್ಮ ತಾಸು ಕಡಿಮಿ ಮಾಡಾಕತ್ತೈತಿ.”

ದಾಕ್ಷಾಯಣಿ ಆ ಶಿಖರಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿದಳು. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಬಸ್ಸು ಹಳ್ಳಕ್ಕೆ ಉರುಳಿದಾಗ ಬೆನ್ನುಹುರಿ ಮುರಿದುಕೊಂಡವಳು. ಸುಲಭಕ್ಕೆ ಅಳುವ ಹೆಂಗಸಲ್ಲ.

“ಅಂದ್ರ, ನೀವು ಮಂದಿ ಕಳಸೂದಿಲ್ಲ. ಅದಕ್ಕ ನಾ ಎತ್ತತೀನಿ. ನಾ ಎತ್ತತೀನಿ ಅಂತ ನೀವು ಮಂದಿ ಕಳಸೂದಿಲ್ಲ.”

“ಹೌದ್ರಿ.”

“ಇದನ್ನ ಎಷ್ಟ್ ಓದಿದವ್ರು ಮಾಡ್ಯಾರ?”

ಜುಲೇಖಾ ಫಲಕ ಮುಚ್ಚಿದಳು.

“ಮತ್ತ, ನಾ ಎತ್ತೂದು ಬಿಟ್ರ?” ದಾಕ್ಷಾಯಣಿ ಗಂಡನ ಕಡೆ ನೋಡುತ್ತಲೇ ಕೇಳಿದಳು. “ಸುಮ್ಮನ ಕುಂತ್ರ ಏನಾಗ್ತೈತಿ?”

“ಕೆಂಪಾಗ್ತೈತ್ರಿ. ನಾಲ್ಕು ತಾಸಿನ್ಯಾಗ ಯಾರಾದ್ರೂ ಬರಬೇಕು.”

“ಬರಬೇಕೋ, ಬರ್ತಾರೋ?”

“ನಿಯಮದ ಪ್ರಕಾರ ಬರಬೇಕು.”

“ಹೂಂ” ಎಂದಳು ದಾಕ್ಷಾಯಣಿ. ಅಷ್ಟೇ.

ಕೇಂದ್ರಕ್ಕೆ ಮರಳಿದ ಜುಲೇಖಾ ಎರಡು ವರ್ಷದ ದಾಖಲೆ ಹೊರತೆಗೆಯತೊಡಗಿದಳು. ನಾಲ್ಕು ದಿನ ಬೇಕಾಯಿತು. ತಕ್ಕಡಿ ಮುನ್ನೂರ ಹನ್ನೆರಡು ಜನರ ತಾಸು ಇಳಿಸಿತ್ತು. ಅವರಲ್ಲಿ ಬಹುತೇಕ ಎಲ್ಲರೂ ಇಳಿಸಿದ ತಿಂಗಳೊಳಗೆ ಇನ್ನಷ್ಟು ‘ಸುಧಾರಿಸಿದ್ದರು’. ಇನ್ನಷ್ಟು ಸುಧಾರಿಸಿದವರ ತಾಸು ಇನ್ನಷ್ಟು ಇಳಿದಿತ್ತು. ಕೊನೆಗೆ ನಲವತ್ತೊಂದು ಜನರ ಹೆಸರಿನ ಮುಂದೆ ಒಂದೇ ಪದವಿತ್ತು: ನಿರ್ಗಮನ. ಆಸ್ಪತ್ರೆಗೆ ಸೇರಿದರೂ, ಸತ್ತರೂ ಗಣಕಕ್ಕೆ ಅದು ನಿರ್ಗಮನ. ನಿರ್ಗಮಿಸಿದವರನ್ನು ಅದು ಯಾವ ಲೆಕ್ಕಕ್ಕೂ ಹಿಡಿಯುತ್ತಿರಲಿಲ್ಲ. ಹಾಗಾಗಿ ಯೋಜನೆಯಲ್ಲಿ ಉಳಿದವರೆಲ್ಲ ಸುಧಾರಿಸುತ್ತಿದ್ದರು, ಜಿಲ್ಲೆಗೆ ಎರಡು ವರ್ಷವೂ ಪ್ರಶಸ್ತಿ ಬಂದಿತ್ತು.

ಆ ಪಟ್ಟಿ ಹಿಡಿದು ಅವಳು ಉಪನಿರ್ದೇಶಕ ಪ್ರಭಂಜನ ಕುಲಕರ್ಣಿಯವರ ಕೋಣೆಗೆ ಹೋದಳು. ಐವತ್ತೈದರ ಸಂಭಾವಿತ ಮನುಷ್ಯ. ಯಾರ ಹತ್ತಿರವೂ ಒಂದು ಕಪ್ ಚಹಾ ಮುಟ್ಟಿದವರಲ್ಲ.

ಅವರು ಪಟ್ಟಿಯ ಮೊದಲ ಪುಟ ತಿರುವಿ ಅದನ್ನು ಮೇಜಿನ ಮೇಲಿಟ್ಟರು. “ನದಾಫ ಅವರ, ತಕ್ಕಡಿ ಬರೂಕಿಂತ ಮೊದಲ ಇಲ್ಲಿ ಏನಿತ್ತು, ನೆನಪದ ಏನು? ಯಾರ ಕೈಯಾಗ ಶಾಸಕರ ಚೀಟಿ ಇರ್ತಿತ್ತು ಅವರ ಮನೀಗೆ ಆರೈಕೆ. ಚೀಟಿ ಇಲ್ಲದವರು ಹೊರಗ. ನಾ ಅದನ್ನ ಕಣ್ಣಾರೆ ನೋಡೇನಿ. ತಕ್ಕಡಿ ಯಾರ ಮುಖಾನೂ ನೋಡಂಗಿಲ್ಲ.”

“ಅದ ತೊಂದ್ರಿ ಸರ್. ಮುಖ ನೋಡಂಗಿಲ್ಲ.”

“ಒಂಬತ್ತು ಸಾವಿರ ಜನ ಇದ್ದಾರ. ಆರೈಕೆದಾರರು ಸಾವಿರ ಮಂದಿನೂ ಇಲ್ಲ. ಎಲ್ಲೋ ಒಂದು ಕಡೆ ಕಡಿಮಿ ಮಾಡಬೇಕಲ್ಲ?”

“ಮಾಡಬೇಕ್ರಿ. ಆದ್ರ ಅವರು ಗುಣ ಆಗ್ಯಾರ ಅಂತ ಹೇಳಿ ಮಾಡಬಾರದು. ನಮ್ಮ ಕಡೆ ಮಂದಿ ಇಲ್ಲ ಅಂತ ಹೇಳಿ ಮಾಡ್ರಿ. ಆಗ ಮಂದಿ ಕೇಳ್ತಾರ, ಯಾಕಿಲ್ಲ ಅಂತ.”

ಕುಲಕರ್ಣಿ ಕನ್ನಡಕ ತೆಗೆದು ಒರೆಸಿದರು. “ಪಟ್ಟಿ ಇಲ್ಲೇ ಇರಲಿ. ನೋಡ್ತೇನಿ.”

ಎರಡು ವಾರ ಕಳೆಯಿತು. ಯಾವ ಉತ್ತರವೂ ಬರಲಿಲ್ಲ.

ಊರುಗೋಲಿನಲ್ಲಿ ಮಂಗಳವಾರದ ಹರಟೆ ಎಂದೊಂದು ಇತ್ತು. ಮನೆಯಿಂದ ಹೊರಬೀಳಲಾಗದವರಿಗೆ ಬೇಸರ ಕಳೆಯಲೆಂದು ಪ್ರತಿ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಒಂದು ಫೋನ್ ಸಾಲು ತೆರೆಯುತ್ತಿತ್ತು. ಇನ್ನೂರು, ಮುನ್ನೂರು ಜನ ಒಟ್ಟಿಗೆ ಸೇರಿ ಮಾತಾಡಬಹುದು. ಸಾಮಾನ್ಯವಾಗಿ ಅಡುಗೆ, ಮೊಮ್ಮಕ್ಕಳು, ಹಳೆಯ ಹಾಡು. ಯಾರಾದರೂ ಕೆಟ್ಟ ಮಾತಾಡಿದರೆ ಸಾಲು ಕಡಿಯಲೆಂದು ಜುಲೇಖಾ ಒಂದು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರಬೇಕಿತ್ತು.

ಆ ಮಂಗಳವಾರ ಯಾರೋ ಮೆಂತೆ ಕಡುಬಿನ ಬಗ್ಗೆ ಹೇಳಿ ಮುಗಿಸಿದ್ದರು. ಆಗ ದಾಕ್ಷಾಯಣಿಯ ದನಿ ಬಂತು. ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥ ದನಿ.

“ಎಲ್ಲಾರೂ ಸ್ವಲ್ಪ ಕೇಳ್ರಿ. ಮುಂದಿನ ಸೋಮವಾರ ಬೆಳಗಿನ ಆರರಿಂದ ಸಂಜಿ ಆರರ ತನಕ ನಾ ಒಂದು ಕೆಲಸ ಬಿಡಾಕತ್ತೀನಿ. ಹಲ್ಲು ಕಚ್ಚಿ ಮಾಡೋದನ್ನ ಬಿಡ್ತೀನಿ. ಸಲೀಸಾಗಿ ಆಗೋದನ್ನ ಮಾಡ್ತೀನಿ. ಚಹಾದ ಕಪ್ ಎತ್ತಾಕ ಬರ್ತೈತಿ, ಎತ್ತತೀನಿ. ನನ್ನ ಗಂಡನ್ನ ಎತ್ತೂದು ನನ್ನ ಕೆಲಸ ಅಲ್ಲ. ಎತ್ತೂದಿಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ದಾಕ್ಷಾಯಣಿ ತನ್ನ ಗುಡ್ಡದಂಥ ಗೆರೆಯ ಕಥೆ ಹೇಳಿದಳು. ಹೇಳುತ್ತಿದ್ದಂತೆ ಒಬ್ಬೊಬ್ಬರಿಗೂ ತಮ್ಮ ತಾಸು ಇಳಿದದ್ದು ಏಕೆಂದು ಅರ್ಥವಾಗತೊಡಗಿತು. ಬಚ್ಚಲಿಗೆ ಕುಂಡಿಯ ಮೇಲೆ ಸರಿದು ಹೋಗುವವಳು, ಬಾಯಲ್ಲಿ ಸೆರಗು ಕಚ್ಚಿ ಒಂದೇ ಕೈಲಿ ಸೀರೆ ಉಡುವವಳು, ಕಣ್ಣು ಕಾಣದೆ ಒಲೆ ಹಚ್ಚುವವನು.

ಒಬ್ಬ ಮುದುಕ ಕೇಳಿದ: “ಕಡಗಾನ ಬಿಚ್ಚಿ ಒಗದ್ರ ಆಗೂದಿಲ್ಲೇನು?”

“ಬಿಚ್ಚಬ್ಯಾಡ್ರಿ. ಬಿಚ್ಚಿದ್ರ ಯೋಜನಿ ಬಿಟ್ಟು ಹೋದ್ರು ಅಂತ ಬರ್ಕೋತೈತಿ. ಕೈಯಾಗ ಇಟ್ಕೊಂಡ ಸುಮ್ಮನಿರ್ರಿ. ಬೆಳಗಿನ್ಯಾಗ ಆರಕ್ಕ ಕೇಂದ್ರಕ್ಕ ಫೋನ್ ಮಾಡ್ರಿ, ನನಗ ಸಹಾಯ ಬೇಕು ಅಂತ ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ. ಬೆನ್ನಿಗೆ ಹುಣ್ಣಿದ್ದವ್ರು ಬ್ಯಾಡ. ಸೂಜಿ ಔಷಧ ತಗೊಳ್ಳೋರು ಬ್ಯಾಡ. ಉಳಿದವ್ರು ಯೋಚನಿ ಮಾಡ್ರಿ.” ಅದೇ ಉಸಿರಿನಲ್ಲಿ ಮುಂದುವರಿಸಿದಳು: “ಜುಲೇಖಾ, ನೀ ಕೇಳಾಕತ್ತಿ ಅಂತ ನನಗ ಗೊತ್ತೈತಿ. ಕಡಿಯೋದಿದ್ರ ಕಡಿ.”

ಜುಲೇಖಾಳ ಬೆರಳು ಗುಂಡಿಯ ಮೇಲಿತ್ತು. ಯೋಜನೆಯ ವಿರುದ್ಧ ಜನರನ್ನು ಎತ್ತಿಕಟ್ಟುವ ಮಾತು ಬಂದರೆ ಸಾಲು ಕಡಿಯಬೇಕೆಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು. ಅವಳು ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡಳು. ಹರಟೆ ಆ ದಿನ ಆರೂವರೆಯವರೆಗೆ ನಡೆಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ಫೋನುಗಳು ಬಡಿದುಕೊಳ್ಳತೊಡಗಿದವು. ಎಲ್ಲರದೂ ಒಂದೇ ಮಾತು: ನನಗೆ ಸಹಾಯ ಬೇಕು. ಏಳೂವರೆಗೆ ಪರದೆಯಲ್ಲಿ ಮೊದಲ ಕೆಂಪು ಹತ್ತಿತು. ಎಂಟಕ್ಕೆ ನಲವತ್ತು. ಒಂಬತ್ತರ ಹೊತ್ತಿಗೆ ನೂರ ಎಂಬತ್ತೇಳು. ಅಷ್ಟು ಕೆಂಪನ್ನು ಆ ಕೋಣೆ ಎಂದೂ ಕಂಡಿರಲಿಲ್ಲ. ಸಾಮಾನ್ಯ ದಿನ ಎಂಟು, ಹತ್ತು ಕೆಂಪು ಬಿದ್ದರೆ ಹೆಚ್ಚು.

ಜುಲೇಖಾ ಮುಂಚೆಯೇ ಬಂದಿದ್ದಳು. ರಜೆಯಲ್ಲಿದ್ದ ಆರೈಕೆದಾರರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಮೂವತ್ತಾರು ಜನ ಬರುತ್ತೇವೆಂದರು. ಪಕ್ಕದ ಎರಡು ಜಿಲ್ಲೆಗಳಿಂದ ಎರವಲು ಕೇಳಿದಳು. ಆ ದಿನ ಬೇರೆಯವರ ಮನೆಗೆ ಹೋಗಬೇಕಾದ ಒಬ್ಬರನ್ನೂ ಕದಲಿಸಲಿಲ್ಲ.

ಒಂಬತ್ತಕ್ಕೆ ಕುಲಕರ್ಣಿ ಕೋಣೆಯೊಳಗೆ ಬಂದರು. ಮುಖ ಬೆವೆತಿತ್ತು. ಗಣಕ ಆಗಲೇ ತನ್ನ ಅಭಿಪ್ರಾಯ ಹೇಳಿತ್ತು: ‘ಸಾಮೂಹಿಕ ನಟನೆಯ ಸಂಶಯ. ಸಂಯೋಜಕಿಯ ದೃಢೀಕರಣ ಬೇಕು.’ ಪ್ರತಿ ಹೆಸರಿನ ಮುಂದೆ ಎರಡು ಗುಂಡಿ: ನಟನೆ, ನಿಜ.

“ರಾಜಧಾನಿಯಿಂದ ಫೋನ್ ಬಂದದ” ಎಂದರು. “ನಟನೆ ಅಂತ ಒತ್ತಿಬಿಡ್ರಿ. ಕೆಂಪು ತಾನ ಆರ್ತದ. ಮೂರು ತಿಂಗಳು ಇವರ ಹೆಸರು ತಡೆಹಿಡೀತಾರ, ಆಮ್ಯಾಲ ನಾನ ಮಾತಾಡಿ ಸರಿ ಮಾಡ್ತೇನಿ.”

“ಮೂರು ತಿಂಗಳದಾಗ ಎಷ್ಟ್ ಮಂದಿ ನಿರ್ಗಮನ ಆಗ್ತಾರ ಸರ್?”

“ನದಾಫ ಅವರ, ಇದು ಆದೇಶ.”

“ತಿಳೀತ್ರಿ” ಎಂದಳು ಜುಲೇಖಾ. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಮೊದಲ ಹೆಸರನ್ನು ಗಟ್ಟಿಯಾಗಿ ಓದಿ ‘ನಿಜ’ ಎಂಬುದರ ಮೇಲೆ ಹೆಬ್ಬೆಟ್ಟು ಒತ್ತಿದಳು. ಎರಡನೆಯದನ್ನೂ ಓದಿದಳು, ಒತ್ತಿದಳು. ಕೋಣೆಯಲ್ಲಿದ್ದ ಆರು ಜನ ಕೆಲಸ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಒಂದೊಂದು ಒತ್ತಿಗೂ ಒಬ್ಬ ಆರೈಕೆದಾರನ ದಾರಿ ನಕ್ಷೆಯ ಮೇಲೆ ಮೂಡುತ್ತಿತ್ತು.

“ನಿಮ್ಮ ನೌಕರಿ ಹೋಗ್ತದ” ಎಂದರು ಕುಲಕರ್ಣಿ. ಬೆದರಿಕೆಯ ದನಿಯಲ್ಲಿ ಅಲ್ಲ, ನಿಜಕ್ಕೂ ಕಳವಳದಿಂದ.

“ಹೋಗ್ಲಿ ಬಿಡ್ರಿ” ಎಂದು ಅವಳು ಮುಂದಿನ ಹೆಸರು ಓದಿದಳು.

ಅದೇ ಹೊತ್ತಿಗೆ ಪತ್ತಾರ ಓಣಿಯಲ್ಲಿ ದಾಕ್ಷಾಯಣಿ ಮಂಚದ ಪಕ್ಕ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಜಗತ್ತಿನಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎನಿಸಿತು ಅವಳಿಗೆ. ಆರಕ್ಕೆ ಫೋನ್ ಮಾಡುವ ಮುಂಚೆ ಗಂಡನನ್ನು ಕೊನೆಯ ಸಲ ಹೊರಳಿಸಿದ್ದಳು. ಎಂಟು ದಾಟಿತು. ಗಡಿಯಾರ ನೋಡಬಾರದೆಂದುಕೊಂಡಳು, ನೋಡಿದಳು. ಹುಣ್ಣಿದ್ದವರು ಬೇಡವೆಂದಿದ್ದಳು, ಸೂಜಿ ಔಷಧದವರು ಬೇಡವೆಂದಿದ್ದಳು. ಆದರೆ ತನ್ನ ಹಟದ ಭಾರವೆಲ್ಲ ಈ ಮನುಷ್ಯನ ಸೊಂಟದ ಮೇಲೆ ಬೀಳುತ್ತಿದೆ. ಅವನನ್ನು ಒಪ್ಪಿಸಿದ್ದೇನೋ ನಿಜ. ಹಿಂದಿನ ದಿನ ಎಲ್ಲವನ್ನೂ ಬಿಡಿಸಿ ಹೇಳಿದಾಗ ಅವನು ಕಣ್ಣು ಮುಚ್ಚಿ ತೆರೆದಿದ್ದ. ಅದನ್ನೇ ಅವಳು ಹೂಂ ಎಂದು ತಿಳಿದಿದ್ದಳು. ಹೂಂ ಅಲ್ಲದಿದ್ದರೆ?

ಒಂಬತ್ತೂಕಾಲಿಗೆ ಮಾನಪ್ಪ ನರಳಿದ.

ದಾಕ್ಷಾಯಣಿಗೆ ತಡೆಯಲಾಗಲಿಲ್ಲ. “ಸಾಕು, ಆದದ್ದಾಗ್ಲಿ” ಎಂದು ಸೀರೆಯ ತುಂಡು ಎಳೆದು ಸೊಂಟಕ್ಕೆ ಬಿಗಿದುಕೊಂಡು ಅವನ ಭುಜಕ್ಕೆ ಕೈ ಹಾಕಿದಳು.

ಮಾನಪ್ಪನ ಎಡಗೈ ಮೇಲೆದ್ದಿತು. ಅವಳ ಮಣಿಕಟ್ಟು ಹಿಡಿದು ನಿಧಾನಕ್ಕೆ, ಆದರೆ ಗಟ್ಟಿಯಾಗಿ ಆಚೆ ತಳ್ಳಿತು. ಅವನ ತುಟಿ ಓರೆಯಾಗಿ ಒದ್ದಾಡಿತು. “ಬ್ಯಾ…” ಎಂದ. ಬೆವರೊಡೆಯಿತು. “ಬ್ಯಾಡ.”

ಅವಳು ಅವನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಸಿಟ್ಟು ಅವಳ ಮೇಲಲ್ಲ. ದಾಕ್ಷಾಯಣಿ ಸೀರೆಯ ತುಂಡು ಬಿಚ್ಚಿ ನೆಲಕ್ಕೆಸೆದಳು. ಅವನ ಎಡಗೈಯನ್ನು ಹಿಡಿದುಕೊಂಡು ಕೂತಳು. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಒಂಬತ್ತೂ ನಲವತ್ತಕ್ಕೆ ಬಾಗಿಲಲ್ಲಿ ಇಬ್ಬರು ಹೆಂಗಸರು ಕಾಣಿಸಿಕೊಂಡರು. ಪಕ್ಕದ ತಾಲೂಕಿನಿಂದ ಬಂದವರು, ಇನ್ನೂ ಏದುಸಿರು ಬಿಡುತ್ತಿದ್ದರು. ಇಬ್ಬರೂ ಸೇರಿ ಮಾನಪ್ಪನನ್ನು ಒಂದೇ ಸಲಕ್ಕೆ ಹಗುರಾಗಿ ಹೊರಳಿಸಿದರು. ಸೊಂಟದ ಮೇಲೆ ಅಂಗೈಯಷ್ಟು ಅಗಲ ಕೆಂಪಾಗಿತ್ತು. ಚರ್ಮ ಒಡೆದಿರಲಿಲ್ಲ. ಅವರು ಅವನ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿದರು. ಮೂರು ವರ್ಷದಲ್ಲಿ ಮೊದಲ ಸಲ ದಾಕ್ಷಾಯಣಿ ತನ್ನ ಗಂಡನ ಹತ್ತಿರ ಬರೀ ಹೆಂಡತಿಯಾಗಿ ಕೂತು ಚಹಾ ಕುಡಿದಳು.

ಆ ದಿನ ನೂರ ಎಂಬತ್ತೇಳು ಮನೆಗಳಲ್ಲಿ ನೂರ ಅರವತ್ತಕ್ಕೆ ನಾಲ್ಕು ತಾಸಿನೊಳಗೆ ಜನ ತಲುಪಿದರು. ಉಳಿದವರು ಮಧ್ಯಾಹ್ನದವರೆಗೆ ಕಾದರು. ಕೋಟೆ ಬಡಾವಣೆಯ ಫಕೀರವ್ವ ಎಂಬಾಕೆ ನೀರು ಕುಡಿಯದೆ ತಲೆಸುತ್ತಿ ಆಸ್ಪತ್ರೆ ಸೇರಿದಳು. ಮೂರನೇ ದಿನ ಮನೆಗೆ ಬಂದು ದಾಕ್ಷಾಯಣಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ, “ಮತ್ತ ಮಾಡೂದಿದ್ರ ಮೊದಲ ಹೇಳು, ನೀರಿನ ತಂಬಿಗಿ ಬಾಜೂಕ ಇಟ್ಕೋತೀನಿ” ಎಂದಳು.

ಜುಲೇಖಾಳನ್ನು ಅದೇ ಸಂಜೆ ಅಮಾನತು ಮಾಡಿದರು.

ವಿಚಾರಣೆ ಒಂದು ತಿಂಗಳ ನಂತರ ಜಿಲ್ಲಾ ಸಭಾಂಗಣದಲ್ಲಿ ನಡೆಯಿತು. ನಿವೃತ್ತ ನ್ಯಾಯಾಧೀಶೆಯೊಬ್ಬರು ಅಧ್ಯಕ್ಷರು. ಮೆಟ್ಟಿಲು ಹತ್ತಲಾಗದವರಿಗಾಗಿ ಮರದ ಇಳಿಜಾರು ಹಾಕಿಸುವುದಕ್ಕೇ ಮೊದಲ ದಿನ ಕಳೆಯಿತು, ಏಕೆಂದರೆ ಅದಿಲ್ಲದೆ ಒಳಗೆ ಬರುವುದಿಲ್ಲವೆಂದು ಐವತ್ತು ಗಾಲಿಕುರ್ಚಿಗಳು ಬಾಗಿಲಲ್ಲಿ ನಿಂತಿದ್ದವು.

ತಕ್ಕಡಿಯನ್ನು ರೂಪಿಸಿದ ತಂತ್ರಜ್ಞ ಮೊದಲು ಮಾತಾಡಿದ. ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ನಾಲ್ಕು ಸಾವಿರ ರೋಗಿಗಳ ಓಡಾಟವನ್ನು ಕೊಟ್ಟು ಅದಕ್ಕೆ ಕಲಿಸಿದ್ದರು. ಅಲ್ಲಿ ನರ್ಸುಗಳಿದ್ದರು, ಹಾಸಿಗೆಯ ಪಕ್ಕದಲ್ಲೇ ಗಂಟೆಯಿತ್ತು. ಅಲ್ಲಿ ಹೆಚ್ಚು ಓಡಾಡಿದವರು ನಿಜಕ್ಕೂ ಗುಣವಾಗುತ್ತಿದ್ದರು. “ಬೇರೆ ದಾರಿಯಿಲ್ಲದೆ ಓಡಾಡುವವರನ್ನು ಅದು ನೋಡಿರಲಿಲ್ಲ” ಎಂದ ಅವನು ತಲೆ ತಗ್ಗಿಸಿ.

ನ್ಯಾಯಾಧೀಶೆ ದಾಕ್ಷಾಯಣಿಯನ್ನು ಕೇಳಿದರು: “ಆ ಸೋಮವಾರ ನೀವು ಮಾಡಿದ್ದು ನಟನೆಯೋ ಅಲ್ಲವೋ?”

“ಸೋಮವಾರ ನಾ ಹೆಂಗ ಅದೀನೋ ಹಂಗ ಇದ್ದೆ ಅಮ್ಮಾರ” ಎಂದಳು ದಾಕ್ಷಾಯಣಿ. “ನಟನಿ ಮಾಡಿದ್ದು ಉಳಿದ ದಿನ.”

ಆಗ ಯಾರೂ ಕರೆಯದೆ ಕುಲಕರ್ಣಿ ಎದ್ದು ನಿಂತರು. ಕೈಯಲ್ಲೊಂದು ಪಟ್ಟಿಯಿತ್ತು, ಅಂಚು ಮುದುರಿತ್ತು. “ಇದರೊಳಗ ನಲವತ್ತೊಂದು ಹೆಸರವ. ನದಾಫ ಅವರು ನನಗ ಕೊಟ್ಟಿದ್ದು. ಆ ಸೋಮವಾರಕ್ಕಿಂತ ಮೊದಲ ಇಪ್ಪತ್ತೊಂದು ದಿನ ಇದು ನನ್ನ ಮೇಜಿನ ಮ್ಯಾಲೆ ಇತ್ತು. ನಾ ಓದಿಲ್ಲ ಅಂತ ಹೇಳಬಹುದು. ಆದರ ನಾ ಓದಿದ್ದೆ.” ಪಟ್ಟಿಯನ್ನು ಅಧ್ಯಕ್ಷರ ಮುಂದಿಟ್ಟು ಬಂದು ಕೂತರು. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ತನ್ನ ಕುರ್ಚಿಯನ್ನು ಆಚೆ ಸರಿಸಿಕೊಂಡ.

ಬಂದ ತೀರ್ಪು ಪೂರ್ತಿ ಗೆಲುವೇನೂ ಆಗಿರಲಿಲ್ಲ. ತಕ್ಕಡಿ ಉಳಿಯಿತು. ಆದರೆ ಅದು ಎಚ್ಚರಿಸಬಹುದು, ತೀರ್ಮಾನಿಸುವಂತಿಲ್ಲ ಎಂದಾಯಿತು. ನಿರ್ಗಮನ ಎಂಬ ಪದ ಹೋಗಿ, ಏಕೆ ಹೋದರು ಎಂದು ಬರೆಯಬೇಕೆಂಬ ನಿಯಮ ಬಂತು. ಯಾರ ತಾಸನ್ನೇ ಇಳಿಸಲಿ, ಮೊದಲು ಒಬ್ಬರು ಅವರ ಮನೆಗೆ ಹೋಗಿ ಅವರನ್ನೇ ಕೇಳಿ, ಅವರ ಮಾತಿನಲ್ಲೇ ಬರೆದುಕೊಂಡು ಬರಬೇಕು. ನೂರ ಎಂಬತ್ತೇಳು ಜನರ ತಾಸು ಮರಳಿತು. ಇನ್ನಷ್ಟು ಆರೈಕೆದಾರರನ್ನು ನೇಮಿಸುವ ಮಾತು ಮಾತ್ರ ಮುಂದಿನ ವರ್ಷಕ್ಕೆ ಹೋಯಿತು. ಅದಕ್ಕಾಗಿ ಮಂಗಳವಾರದ ಹರಟೆಯಲ್ಲಿ ಜನ ಈಗ ಕೈ ಎತ್ತದ ಇನ್ನೊಂದು ದಿನಕ್ಕೆ ತಾರೀಕು ಹುಡುಕುತ್ತಿದ್ದರು.

ಜುಲೇಖಾಳ ಅಮಾನತು ರದ್ದಾಯಿತು. ಆದರೆ ಸಂಯೋಜಕಿಯ ಕುರ್ಚಿ ಸಿಗಲಿಲ್ಲ. ಮನೆಮನೆಗೆ ಹೋಗಿ ಕೇಳುವವರಲ್ಲಿ ಒಬ್ಬಳನ್ನಾಗಿ, ಎರಡು ದರ್ಜೆ ಕೆಳಗಿಳಿಸಿ ಹಾಕಿದರು. ಅವಳು ಫಲಕ ತೆಗೆದುಕೊಂಡು ಹೊರಟಳು.

ಎರಡನೇ ವಾರ ಮಾನಪ್ಪನ ಸರದಿ ಬಂತು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷವೆಂದು ಇಲಾಖೆ ಗೊತ್ತುಮಾಡಿತ್ತು. ಜುಲೇಖಾ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು: “ಮಾನಪ್ಪಜ್ಜಾರ, ನಿಮಗ ಏನ್ ಬೇಕ್ರಿ?”

ದಾಕ್ಷಾಯಣಿ ಬಾಯಿ ತೆರೆದಳು. ಜುಲೇಖಾ ಬೇಡವೆಂಬಂತೆ ಕೈ ತೋರಿಸಿದಳು. ದಾಕ್ಷಾಯಣಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು.

ಮಾನಪ್ಪನ ತುಟಿ ಅಲುಗಿತು. ಒಂದು ಶಬ್ದ ಹೊರಟು ಅರ್ಧದಲ್ಲಿ ನಿಂತಿತು. ಅವನು ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಶುರುಮಾಡಿದ. “ಮು…” ಎಂದ. ಬಹಳ ಹೊತ್ತಿನ ಮೇಲೆ “ಮುಂಜಾ…” ಎಂದ. ಜುಲೇಖಾ ಅಷ್ಟನ್ನೇ ಬರೆದುಕೊಂಡು ಕಾದಳು. ಅವನು ಹೇಳಲಿರುವುದು ಏನಿರಬಹುದೆಂದು ಊಹಿಸಿ ತಾನೇ ಪೂರ್ತಿ ಮಾಡಲಿಲ್ಲ.

“ಮುಂಜಾನಿ…” ಎಂದ ಮಾನಪ್ಪ. “ಬಿಸಲಾಗ… ಕಟ್ಟಿ… ಕಟ್ಟಿ ಮ್ಯಾಲ…”

ಫಲಕ ಕೂಗಿತು. ಇಪ್ಪತ್ತು ನಿಮಿಷ ಮುಗಿದಿತ್ತು. ಹಿಂದೆಯೇ ಅವಳ ಫೋನ್ ಬಡಿಯಿತು. ಕೇಂದ್ರದ ಹೊಸ ಸಂಯೋಜಕ.

“ಅಕ್ಕಾರ, ನಿಮ್ಮ ಹೊತ್ತು ಮುಗೀತ್ರಿ. ಮುಂದಿನ ಮನಿ ಕಾಯಾಕತ್ತಾರ. ಉತ್ತರ ಇಲ್ಲ ಅಂತ ಒತ್ತಿ ಹೊರಡ್ರಿ.”

ಮಾನಪ್ಪ ಅವಳನ್ನೇ ನೋಡುತ್ತಿದ್ದ. ಅವನ ಎಡಗೈ ಗಾಳಿಯಲ್ಲಿ ಎದ್ದು ನಿಂತಿತ್ತು, ತಡಿ, ಇನ್ನೂ ಇದೆ ಎನ್ನುವಂತೆ.

“ಉತ್ತರ ಐತ್ರಿ” ಎಂದಳು ಜುಲೇಖಾ ಫೋನಿಗೆ. “ಇನ್ನೂ ಹೇಳಾಕತ್ತಾರ.”

ಫೋನನ್ನು ಆರಿಸಿ ಚೀಲದೊಳಗೆ ಹಾಕಿ, ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.